ಗೋಡೆಕಾಗದದ ಹಿಂಬದಿ

ಎದೆಗೆ ಚುಚ್ಚಿದ ಚೀಟಿಯಲ್ಲಿ ತನ್ನ ಹೆಸರಿನ ಕೆಳಗೆ ಕಲಾವಿದ ಎಂದು ಅಚ್ಚು ಹಾಕಿದ್ದನ್ನು ಆರ್ಕಾದಿ ನಿಗಾಯ್ ಶೌಚಾಲಯದ ಕನ್ನಡಿಯಲ್ಲಿ ನೋಡಿಕೊಂಡ. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆಗೆದು ಚುಚ್ಚಿಕೊಂಡ. ಚೀಟಿಯಿಲ್ಲದೆ ಬಂದನೆಂದು ಬೆಳಿಗ್ಗೆ ಬಾಗಿಲ ಕಾವಲಿನವನು ಅವನನ್ನು ಸಾಮಾನು ಹೊರುವವರ ಬಾಗಿಲಿಗೆ ಅಟ್ಟಿದ್ದ. ಆ ಬಾಗಿಲೇ ತನಗೆ ತಕ್ಕದ್ದು ಎಂದು ಈಗ ಅನ್ನಿಸುತ್ತಿತ್ತು. ಇಪ್ಪತ್ತೈದು ವರ್ಷ ಉಷ್ಟೊಬೆಯ ಸಾಮೂಹಿಕ ಬೇಸಾಯದ ಕಚೇರಿಯಲ್ಲಿ ಹಲಗೆ ಬರೆದುಕೊಂಡಿದ್ದವನು ಅವನು: ಇಲ್ಲಿ ಹೊಗೆ ಸೇದಬಾರದು, ಈರುಳ್ಳಿಯ ಗುರಿ ಮುಟ್ಟೋಣ, ನಾಯಿ ಇದೆ ಎಚ್ಚರಿಕೆ. ಅರವತ್ತಾರು ತುಂಬಿದ ಮೇಲೆ, ಆಲ್ಮಾಟಿಯ ಇಷ್ಟು ದೊಡ್ಡ ಕಟ್ಟಡದಲ್ಲಿ, ಕೈ ಒರೆಸಿಕೊಳ್ಳುವ ಕಾಗದ ಎಲ್ಲಿಂದ ಬರುತ್ತದೆಂದು ಕೂಡ ತಿಳಿಯದವನಿಗೆ ಕಲಾವಿದ ಅಂತೆ. ಪ್ಯಾಂಟಿಗೇ ಒರೆಸಿಕೊಂಡ. ತೊಡೆಗಳ ಮೇಲೆ ಎರಡು ಅಂಗೈಗಳ ಒದ್ದೆ ಗುರುತು ಮೂಡಿತು. ಅದು ಒಣಗುವ ತನಕ ಹೊರಗೆ ಹೋಗುವಂತಿಲ್ಲ; ಹೋಗದೆ ಇದ್ದರೆ ಉಷ್ಟೊಬೆಯ ವ್ಯಾನು ಬಂದುಬಿಡುತ್ತದೆ, ಅದರಲ್ಲಿ ಬರುವ ಫೈನಕ್ಕ ಮೇಲೆ ಹೋಗಿ ಆ ಕಾಗದದ ಮುಂದೆ ನಿಂತುಬಿಡುತ್ತಾಳೆ.

ಆ ಕಾಗದ ಮೇಲಿನ ಹಜಾರದಲ್ಲಿ ಸೂರಿನಿಂದ ನೆಲದವರೆಗೆ ತೂಗುತ್ತಿತ್ತು. ಸಿಯೋಲ್‌ನಿಂದ ವಿಮಾನದಲ್ಲಿ ಬಂದಿದ್ದ ಕುದುರೆಗೂದಲಿನ ಟೋಪಿಗಳು, ಹೊಟ್ಟೆ ಉಬ್ಬಿದ ಬಿಳಿ ಹೂಜಿ, ತುಂಡುಬಟ್ಟೆ ಜೋಡಿಸಿ ಹೊಲಿದ ಪರದೆ, ಬೇಕೆಂದೇ ಒಡೆದು ಗುಡ್ಡೆ ಹಾಕಿದ ಪಿಂಗಾಣಿ, ಇವೆಲ್ಲದರ ನಟ್ಟನಡುವೆ ಅವನ ಮನೆಯ ಕೊಟ್ಟಿಗೆಯಿಂದ ಬಂದ ಒಂದು ಸುರುಳಿ ಗೋಡೆಕಾಗದ. ಮುಂಬದಿಯಲ್ಲಿ ನೀಲಿ ಹೂವು, ಹಿಂಬದಿಯಲ್ಲಿ ನಲವತ್ಮೂರು ಸತ್ತವರು. ಅಜ್ಜಂದಿರ ಕಾಲದಲ್ಲಿ ಸರ್ಕಾರ ರೈಲಿಗೆ ತುಂಬಿ ತಂದು ಬಯಲಲ್ಲಿ ಇಳಿಸಿದ್ದ ಉಷ್ಟೊಬೆಯ ಕೊರಿಯನ್ನರಲ್ಲಿ ಯಾರೇ ಸತ್ತರೂ ಪೆಟ್ಟಿಗೆಯ ಮೇಲೆ ಕೆಂಪು ರೇಷ್ಮೆಬಟ್ಟೆ ಹೊದಿಸಬೇಕು, ಅದರ ಮೇಲೆ ಬಿಳಿ ಬಣ್ಣದಲ್ಲಿ, ಊರಲ್ಲಿ ಈಗ ಆರ್ಕಾದಿಯೊಬ್ಬನಿಗೇ ಬರುವ ಹಳೆಯ ಅಕ್ಷರ ಬರೆದಿರಬೇಕು: ಮೊದಲು ಮೂಲದೂರು, ಆಮೇಲೆ ಮನೆಹೆಸರು, ಆಮೇಲೆ ಹೆಸರು. ಮೂಲದೂರೆಂದರೆ ಕುಲ ಹುಟ್ಟಿದ ಊರು. ಈಗಿನವರು ಯಾರೂ ಅದನ್ನು ಕಂಡಿಲ್ಲ, ಅವರ ಅಜ್ಜಂದಿರೂ ಕಂಡಿರಲಿಲ್ಲ. ಆದರೆ ಮಣ್ಣಿನ ಕೆಳಗೆ ಹಿರಿಯರು ಮೊದಲು ಕೇಳುವ ಪ್ರಶ್ನೆ ಅದೇ. ಬಟ್ಟೆ ಕೆಡಿಸುವಂತಿಲ್ಲವಾದ್ದರಿಂದ ಆರ್ಕಾದಿ ಪ್ರತಿ ಸಲವೂ ಅಳತೆಗೆಂದು ಮೊದಲು ಗೋಡೆಕಾಗದದ ಹಿಂದೆ ಬರೆದು ನೋಡುತ್ತಿದ್ದ. ಬಟ್ಟೆಗಳು ಮಣ್ಣಿಗೆ ಹೋದವು, ಕಾಗದ ಉಳಿಯಿತು. ಹೋದ ಶರತ್ಕಾಲದಲ್ಲಿ ಸಿಯೋಲ್‌ನ ಪ್ರದರ್ಶನದ ಮುಖ್ಯಸ್ಥೆ ಹ್ವಾಂಗ್‌ಬೋ ಎಂಬಾಕೆ ಊರೂರು ತಿರುಗುತ್ತ ಅವನ ಕೊಟ್ಟಿಗೆಗೂ ಬಂದು, ಈರುಳ್ಳಿ ಚೀಲದ ಮೇಲಿದ್ದ ಸುರುಳಿಯನ್ನು ಬಿಚ್ಚಿ, ಮೊಣಕಾಲೂರಿ ಕುಳಿತುಬಿಟ್ಟಿದ್ದಳು. ಸಿಯೋಲ್‌ನ ಹೆಂಗಸೊಬ್ಬಳು ತನ್ನ ಕೊಟ್ಟಿಗೆಯ ಮಣ್ಣಲ್ಲಿ ಮೊಣಕಾಲೂರಿದಳಲ್ಲ ಎಂಬ ಹಿಗ್ಗಿನಲ್ಲಿ ಅವನು ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅಕ್ಷರ ಬಲ್ಲವಳ ಕೈಗೆ ಕೊಡುತ್ತಿದ್ದೇನೆ ಎಂದು ಅವನಿಗೆ ಹೊಳೆದದ್ದು ಅವಳ ಕಾರು ರೈಲ್ವೆ ಗೇಟು ದಾಟಿದ ಮೇಲೆ.

ಇವತ್ತು ಬೆಳಿಗ್ಗೆ ಅವಳೇ ಕೇಳಿದ್ದಳು. ಏಣಿಯ ಮೇಲಿನ ಕೆಲಸದವರು ಕಾಗದ ನೇತುಹಾಕುತ್ತಿದ್ದರು. ಆರ್ಕಾದಿ ಧೈರ್ಯ ಮಾಡಿ, ಹೂವಿನ ಬದಿ ಮುಂದೆ ಬರುವ ಹಾಗೆ ಹಾಕಿದರೆ ಚೆನ್ನಾಗಿರುತ್ತದೆ ಎಂದು ಹೇಳಿ ನೋಡಿದ. ಅವಳು ಮನಸಾರೆ ನಕ್ಕಳು. ಅವಳ ಮಾತು ರೇಡಿಯೋದ ಮಾತಿನಂತೆ ನುಣುಪು. ಅವನದು ಅವಳ ಅಜ್ಜಿಯ ಕಾಲದ್ದು, ಒಬ್ಬರದು ಇನ್ನೊಬ್ಬರಿಗೆ ಅರ್ಧಕ್ಕರ್ಧ ತಿಳಿಯುತ್ತಿತ್ತು. "ನಿಮ್ಮನ್ನ ಒಂದು ಕೇಳ್ಬೇಕಿತ್ತು," ಎಂದಳು. "ಮನೆಹೆಸರು ಬೇರೆ ಬೇರೆ ಇವೆ. ಲಿ ಇದೆ, ಪಾಕ್ ಇದೆ, ತೆನ್ ಇದೆ. ಆದ್ರೆ ನಲವತ್ಮೂರು ಜನಕ್ಕೂ ಮೂಲದೂರು ಒಂದೇ, ಕ್ಯೊಂಜು. ಬೇಕಂತಲೇ ಮಾಡಿದ್ದಲ್ವಾ?" ಆಗಲೇ ಹೇಳಿಬಿಡಬಹುದಿತ್ತು; ಹಜಾರದಲ್ಲಿ ಇದ್ದವರು ಅವರಿಬ್ಬರು ಮತ್ತು ಏಣಿಯವರು. ಆದರೆ ಅವಳ ಕಣ್ಣಲ್ಲಿ ಎಷ್ಟು ಗೌರವ ತುಂಬಿಕೊಂಡಿತ್ತೆಂದರೆ, ಅಷ್ಟು ಗೌರವದಿಂದ ಅವನನ್ನು ಈ ಹಿಂದೆ ಯಾರೂ ನೋಡಿರಲಿಲ್ಲ. "ಊರು ಕಳಕೊಂಡವರಿಗೆಲ್ಲ ಒಂದೇ ಊರು ಕೊಟ್ಟಿದೀರಿ," ಎಂದು ಅವಳೇ ದಾರಿ ತೋರಿಸಿದಳು. "ಹೌದು," ಎಂದ. "ಯಾರಿಗೂ ಹೇಳಿರಲಿಲ್ವಾ?" "ಯಾರೂ ಕೇಳ್ಲಿಲ್ಲ." ಹಾಗೆಂದಾಗ ತನ್ನ ದನಿ ಸಂತನ ದನಿಯ ಹಾಗೆ ತಗ್ಗಿದ್ದು ನೆನಪಾಗಿ, ಈಗ ಕನ್ನಡಿಯ ಮುಂದೆ ಅವನ ಕಿವಿ ಬಿಸಿಯಾಯಿತು. "ಇವತ್ತು ಉದ್ಘಾಟನೇಲಿ ಕೆಲವು ಸಾಲು ಗಟ್ಟಿಯಾಗಿ ಓದ್ತೀನಿ," ಎಂದಿದ್ದಳು. "ಬರೀ ಹೆಸರು ಓದಿ ಸಾಕು," ಎಂದು ಅವನು. "ಛೆ, ಊರಿನ ಹೆಸರು ಮತ್ತೆ ಮತ್ತೆ ಬರೋದ್ರಲ್ಲೇ ಇದರ ಜೀವ ಇರೋದು," ಎಂದು ಅವಳು.

ಬೇಕೆಂದು ಮಾಡಿದ್ದಂತೂ ನಿಜ, ಮೊದಲನೆಯದನ್ನು. ಬೆಸುಗೆ ಕೆಲಸದ ಪಾಕ್ ಸತ್ತಿದ್ದ. ಎಂಥ ಚಳಿಯೆಂದರೆ ಗುಂಡಿ ತೋಡಲು ನೆಲದ ಮೇಲೆ ಹಳೇ ಟೈರು ಸುಟ್ಟು ಮಣ್ಣು ಕರಗಿಸುತ್ತಿದ್ದರು. ಅಡುಗೆಮನೆಯ ಮೇಜಿನ ಮೇಲೆ ಕೆಂಪು ಬಟ್ಟೆ ಹರವಿಕೊಂಡು ಆರ್ಕಾದಿ, ಮೂಲದೂರು ಯಾವುದೆಂದು ಕೇಳಿದ. ಪಾಕನ ಮಗ ನೆಲ ನೋಡಿದ. "ಅಪ್ಪ ಯಾವತ್ತೂ ಹೇಳ್ಲಿಲ್ಲ ಮಾವ. ನೀವು ತಿಳಿದೋರು, ನಿಮಗೆ ಗೊತ್ತಿರತ್ತೆ." ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೊರಗೆ ಗಂಡಸರು ಕಾಲು ಬಡಿಯುತ್ತ ನಿಂತಿದ್ದರು. ಗೊತ್ತು ಎಂದ. ಅವನು ಅಕ್ಷರ ಕಲಿತ, ಅಪ್ಪ ಬಿಟ್ಟುಹೋದ ಪುಸ್ತಕದಲ್ಲಿ ಮೂಲದೂರೆಂದು ಇದ್ದದ್ದು ಒಂದೇ, ತಮ್ಮ ಮನೆಯದು, ಅದನ್ನೇ ಬರೆದ. ಬಿಳಿ ಅಕ್ಷರ ಕೆಂಪಿನ ಮೇಲೆ ಎದ್ದು ಕಂಡಿತು, ಹೆಂಗಸರು ಅತ್ತರು, ಊಟಕ್ಕೆ ಅವನನ್ನು ಹಿರಿಯರ ಪಕ್ಕ ಕೂರಿಸಿ ಕೋಳಿಯ ತೊಡೆ ಬಡಿಸಿದರು. ಒಂದು ಸುಳ್ಳಿಗೆ ಇಷ್ಟು ಮರ್ಯಾದೆ ಸಿಗುವಾಗ ಎರಡನೆಯದಕ್ಕೆ ನಾಲಿಗೆ ತಡವರಿಸಲಿಲ್ಲ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ, ಅವರು ಹೇಳುವುದನ್ನೂ ಬಿಟ್ಟರು. ಎಷ್ಟೋ ಸಲ ಅವನು ಅದನ್ನು ಪುಣ್ಯದ ಕೆಲಸವೆಂದೂ ನಂಬಿದ್ದುಂಟು. ಅನಾಥ ಹೆಣಕ್ಕೆ ತನ್ನ ಕೋಟು ಹೊದಿಸಿದರೆ ತಪ್ಪೇನು? ಆದರೆ ತಿಮೊಫೇಯ್ ಅನಾಥನಾಗಿರಲಿಲ್ಲ. ತಿಮೊಫೇಯ್‌ಗೆ ಮೂಲದೂರಿತ್ತು, ಉಷ್ಟೊಬೆಯಲ್ಲಿ ಅಷ್ಟು ಗಟ್ಟಿಯಾಗಿ ಮೂಲದೂರು ಇದ್ದವನು ಇನ್ನೊಬ್ಬನಿರಲಿಲ್ಲ, ಅದಕ್ಕಾಗಿ ಅವನು ನಾಲ್ಕು ದಿನ ರೈಲಿನಲ್ಲಿ ಕುಳಿತಿದ್ದ.

ನದಿಮೂಲ ಋಷಿಮೂಲ ಕೇಳಬಾರದು ಎನ್ನುತ್ತಾರೆ. ಇವರಲ್ಲಿ ಹೆಣ್ಣಿನ ಹೆಸರು ಕೇಳುವ ಮುಂಚೆ ಮೂಲ ಕೇಳುತ್ತಾರೆ. ಫೈನ ಆರ್ಕಾದಿಯ ದೊಡ್ಡಪ್ಪನ ಮಗಳು, ನಿಗಾಯ್ ಮನೆಯವಳು, ಕ್ಯೊಂಜು ಮೂಲ. ಅವಳು ಮೆಚ್ಚಿದವನು ಟ್ರ್ಯಾಕ್ಟರಿನ ತಿಮೊಫೇಯ್ ಲಿ. ನಿಗಾಯ್, ಲಿ ಎರಡೂ ಒಂದೇ ಮನೆಹೆಸರು, ರಷ್ಯನ್ ಗುಮಾಸ್ತರು ಕೇಳಿದ ಹಾಗೆ ಬರೆದುಕೊಂಡದ್ದು ಬೇರೆ ಬೇರೆ. ಕಾಗದಪತ್ರದವರಿಗೆ ಅಡ್ಡಿಯೇನೂ ಕಾಣಲಿಲ್ಲ. ಆದರೆ ಮನೆಹೆಸರೂ ಒಂದೇ, ಮೂಲದೂರೂ ಒಂದೇ ಆದರೆ ಅವರು ಅಣ್ಣ ತಂಗಿ, ಅದು ಮದುವೆಯಲ್ಲ, ಪಾಪ. ದೊಡ್ಡಪ್ಪ ಮಗಳನ್ನು ಕೋಣೆಗೆ ಹಾಕಿ ಚಿಲಕ ಜಡಿದ. ಎಂಟು ವರ್ಷದ ಆರ್ಕಾದಿ ಬಾಗಿಲ ಸಂದಿನಿಂದ ಅಕ್ಕನಿಗೆ ರೊಟ್ಟಿ ತೂರಿಸುತ್ತಿದ್ದ. ಅವನ ತಲೆಯ ಹೇನು ತೆಗೆದವಳು, ಮಂಜಿನಲ್ಲಿ ಶಾಲೆಗೆ ಬೆನ್ನ ಮೇಲೆ ಹೊತ್ತವಳು ಅವಳೇ. ತಿಮೊಫೇಯ್ ತಾಷ್ಕೆಂಟಿನ ಆಚೆಯ ಯಾವುದೋ ಹಳ್ಳಿಗೆ ಹೋಗಿ, ಹಲ್ಲಿಲ್ಲದ ದೊಡ್ಡಜ್ಜನೊಬ್ಬನನ್ನು ಹುಡುಕಿ ಕರೆತಂದ. ಮುದುಕ ಅಂಗಳದಲ್ಲಿ ನಿಂತು, ನಾವು ಹಾನ್ಸಾನಿನ ಲಿಗಳು, ಕ್ಯೊಂಜು ಅಲ್ಲ ಎಂದು ಮೂರು ಸಲ ಸತ್ಯ ಮಾಡಿ ಹೇಳಿದ. ಚಿಲಕ ತೆಗೆದರು. ಮುಂದೆ ಫೈನಳ ಮೊದಲ ಕೂಸು ಮೂರೇ ದಿನಕ್ಕೆ ಹೋದಾಗ ಬಾವಿಕಟ್ಟೆಯಲ್ಲಿ ಗುಸುಗುಸು ಎದ್ದಿತು, ಮೂಲ ಒಂದೇ ಇರಬೇಕು, ಅದಕ್ಕೇ ಎಂದು. ಫೈನ ಕೊಡ ಕೆಳಗಿಟ್ಟು, "ನನ್ನ ಗಂಡ ಹಾನ್ಸಾನ್! ಬೇಕಾದ್ರೆ ಆ ಮುದುಕನ್ನ ಮತ್ತೆ ಕರೆಸ್ಲಾ?" ಎಂದು ಕೂಗಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಆ ಗಂಡ ಸತ್ತ ದಿನ ಅಡುಗೆಮನೆಗೆ ಬಂದು, "ಹಾನ್ಸಾನ್ ಲಿ, ತಮ್ಮಾ," ಎಂದಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಮತ್ತೊಮ್ಮೆ ಹೇಳಿದಳು. ಆರ್ಕಾದಿಗೆ ಚೆನ್ನಾಗಿ ಕೇಳಿಸಿತ್ತು. ಹೂಂ ಎಂದು ತಲೆಯನ್ನೂ ಆಡಿಸಿದ್ದ. ಕೈ ಮಾತ್ರ, ಅಷ್ಟು ಹೆಣಗಳಿಗೆ ಬರೆದು ಬರೆದು ರೂಢಿಯಾದ ಕೈ, ಮೊದಲು ಕಾಗದದ ಮೇಲೆ, ಆಮೇಲೆ ಬಟ್ಟೆಯ ಮೇಲೆ ಕ್ಯೊಂಜು ಎಂದು ಬರೆಯಿತು. ಕಂಡದ್ದು ಬಣ್ಣ ಒಣಗಿದ ಮೇಲೆ. ಇನ್ನೊಂದು ಬಟ್ಟೆ ತರಿಸಿ ಎನ್ನಬಹುದಿತ್ತು; ಅಂಗಡಿ ಎರಡು ಬೀದಿ ಆಚೆ ಇತ್ತು. ಅವನು ಬಟ್ಟೆ ಮಡಿಸಿ, ಅಕ್ಷರ ಕಾಣದ ಹಾಗೆ ಎತ್ತಿಕೊಂಡು ಹೋಗಿ, ತಾನೇ ಪೆಟ್ಟಿಗೆಯ ಮೇಲೆ ಹೊದಿಸಿದ. ಹದಿನೈದು ವರ್ಷದಿಂದ ತಿಮೊಫೇಯ್ ತನ್ನ ಹೆಂಡತಿಯ ಅಣ್ಣನಾಗಿ ಮಣ್ಣಿನಲ್ಲಿ ಮಲಗಿದ್ದಾನೆ.

ಪ್ಯಾಂಟು ಒಣಗುವ ಮುಂಚೆಯೇ ವ್ಯಾನು ಬಂತು. ಮೆಟ್ಟಿಲಲ್ಲೇ ಅವರ ಗದ್ದಲ ಕೇಳಿಸಿತು. ಐದು ಗಂಟೆ ದಾರಿ ಸವೆಸಿ ಬಂದ ಹನ್ನೊಂದು ಹೆಂಗಸರು, ಎಲ್ಲರಿಗೂ ಮುಂದೆ ಅಂಚೆ ಕಚೇರಿಯ ರೀಮ್ಮಾ. ಹೂಜಿಯ ಮುಂದೆ ನಿಂತು ಅವಳು, "ಇದರೊಳಗೆ ಎಲೆಕೋಸು ಉಪ್ಪಿಗೆ ಹಾಕೋಕೆ ಬಿಡ್ತಾರೇನ್ರೇ?" ಎಂದಳು. ಒಡೆದ ಪಿಂಗಾಣಿಯ ಗುಡ್ಡೆ ನೋಡಿ, "ಇದೇನ್ ಮಹಾ, ನನ್ನ ಸೊಸೆ ದಿನಾ ಪಾತ್ರೆ ತೊಳೆಯುವಾಗ ಮಾಡ್ತಾಳೆ. ಅವಳನ್ನೂ ಸಿಯೋಲ್‌ಗೆ ಕಳಿಸ್ಬೇಕು," ಎಂದಳು. ಆರ್ಕಾದಿ ಎರಡೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಕಾಗದದ ಮುಂದೆ ಹೋಗಿ ನಿಂತ. ತಿಮೊಫೇಯ್ ಇದ್ದ ಸಾಲು ಸರಿಯಾಗಿ ಅವನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಊರಿನ ಯಾರಿಗೂ ಆ ಅಕ್ಷರ ಓದಲು ಬಾರದೆಂದು ಗೊತ್ತಿದ್ದೂ ಬೆನ್ನನ್ನು ಅದಕ್ಕೆ ಅಡ್ಡ ಕೊಟ್ಟು ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕಾಣುತ್ತಿದ್ದೇನೇನೋ ಎಂದುಕೊಂಡು ಕೈಗಳನ್ನು ಹಿಂದೆ ಕಟ್ಟಿದ, ಮುಂದೆ ಕಟ್ಟಿದ. "ಏನೋ ಆರ್ಕಾಶಾ, ಮದುಮಗನ ಹಾಗೆ ನಿಂತ್ಬಿಟ್ಟಿದೀಯ!" ಎಂದಳು ರೀಮ್ಮಾ. ಫೈನಕ್ಕ ಎಲ್ಲರಿಗಿಂತ ಹಿಂದೆ, ಮೊಣಕಾಲು ನೋವಿಗೆ ಗೋಡೆ ಹಿಡಿದು ಬಂದಳು. ಕೂದಲಿಗೆ ಹೊಸದಾಗಿ ಕಪ್ಪು ಹಚ್ಚಿಸಿದ್ದಳು. ಹಣೆಯ ಅಂಚಿನಲ್ಲಿ ಬಣ್ಣ ಸ್ವಲ್ಪ ಮೆತ್ತಿತ್ತು. ಅವನ ಎದೆಯ ಚೀಟಿಯನ್ನು ಕಣ್ಣಿಗೆ ಹತ್ತಿರ ತಂದುಕೊಂಡು ಓದಿ, ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿದಳು. "ಕಲಾವಿದ," ಎಂದು ಬಾಯಿ ಬಿಟ್ಟು ಹೇಳಿ ನೋಡಿದಳು. "ನಿಮ್ಮಪ್ಪ ಇರ್ಬೇಕಿತ್ತು ಕಣೋ ಇವತ್ತು." ಅವನು ಅವಳ ಹಣೆಯ ಕಪ್ಪನ್ನೇ ನೋಡುತ್ತಿದ್ದ.

"ಇದ್ರಲ್ಲಿ ನಮ್ಮೋರು ಎಲ್ಲಿದಾರೆ?" ಎಂದು ಅವಳು ಕೇಳಿದಳು. ಆರ್ಕಾದಿ ಮೇಲೆಲ್ಲೋ ಸೂರಿನ ಹತ್ತಿರ ಬೆರಳು ತೋರಿಸಿದ. ಅವಳು ಕತ್ತೆತ್ತಿ, ಯಾರೋ ಅಪರಿಚಿತನ ಹೆಸರನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದಳು. ಎಲ್ಲ ಹೇಳಿ ಇವಳ ಕಾಲು ಹಿಡಿದುಬಿಡೋಣ ಎಂದು ಅವನಿಗೆ ಆ ಕ್ಷಣದಲ್ಲಿ ನಿಜವಾಗಿಯೂ ಅನ್ನಿಸಿತು. ಆದರೆ ಅಷ್ಟರಲ್ಲಿ ಧ್ವನಿವರ್ಧಕ ಕಿರುಗುಟ್ಟಿತು, ಎಲ್ಲರೂ ಸುತ್ತುಗಟ್ಟಿದರು. ಹ್ವಾಂಗ್‌ಬೋ ಮಾತಾಡಿದಳು, ಪಕ್ಕದಲ್ಲಿ ನಿಂತ ದುಭಾಷಿ ಒಂದೊಂದೇ ವಾಕ್ಯ ರಷ್ಯನ್ನಿಗೆ ತಿರುಗಿಸಿದ. ಒಬ್ಬ ಮನುಷ್ಯ, ಒಂದು ಕುಂಚ, ಇಪ್ಪತ್ತೆರಡು ವರ್ಷ. ದಿಕ್ಕಿಲ್ಲದೆ ಸತ್ತ ಜನರನ್ನೆಲ್ಲ ಒಂದೇ ಊರಿಗೆ ಮರಳಿಸಿದ ಕಲಾವಿದ. ಆಮೇಲೆ ಅವಳು ಕಾಗದದ ಬಳಿ ಬಂದು, ಆರ್ಕಾದಿಯ ಮೊಣಕೈ ಮುಟ್ಟಿ, "ಸ್ವಲ್ಪ ಈ ಕಡೆ ಬನ್ನಿ, ಎಲ್ರಿಗೂ ಕಾಣ್ಲಿ," ಎಂದಳು. ಅವನು ಈ ಕಡೆ ಬಂದ. ಇನ್ನೇನು ಮಾಡಬಹುದಿತ್ತು ಎಂದು ಆಮೇಲೆ ಅವನು ನೂರು ಸಲ ಕೇಳಿಕೊಂಡ, ಎಷ್ಟೋ ಮಾಡಬಹುದಿತ್ತು.

ಅವಳು ರಾಗವಾಗಿ ಓದತೊಡಗಿದಳು. ಕ್ಯೊಂಜು ಪಾಕ್. ಕ್ಯೊಂಜು ತೆನ್. ತಮ್ಮವರ ಹೆಸರು ಕೇಳಿ ಹೆಂಗಸರು ಕರವಸ್ತ್ರ ತೆಗೆದರು. "ನಮ್ಮ ಮಾವನೂ ಕ್ಯೊಂಜುನಾ?" ಎಂದಳು ರೀಮ್ಮಾ ಖುಷಿಯಿಂದ. "ಇರ್ಬೋದಪ್ಪ. ಆ ಮನುಷ್ಯನಿಗೆ ತಾನು ಬೆಳಿಗ್ಗೆ ಏನ್ ತಿಂದೆ ಅನ್ನೋದೇ ಮರ್ತುಹೋಗ್ತಿತ್ತು." ಸುತ್ತ ನಗು ಎದ್ದಿತು. ಆರ್ಕಾದಿಯೂ ನಕ್ಕ, ಇಷ್ಟರಲ್ಲೇ ನಿಲ್ಲಿಸುತ್ತಾಳೆ ಎಂದು ಆಸೆಪಟ್ಟ. ಹ್ವಾಂಗ್‌ಬೋಳ ಬೆರಳು ಅವನು ಈಗಷ್ಟೇ ಬಿಟ್ಟ ಜಾಗಕ್ಕೆ ಇಳಿಯಿತು. "ಕ್ಯೊಂಜು ಲಿ. ತಿಮೊಫೇಯ್."

ಅವನ ತೋಳು ಹಿಡಿದು ನಿಂತಿದ್ದ ಫೈನಕ್ಕನ ಕೈ ಸಡಿಲವಾಯಿತು. ಅವಳು ಅವನ ಕಡೆ ತಿರುಗಲಿಲ್ಲ. ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ನಾನು ನಿಂಗೆ ಎರಡು ಸಲ ಹೇಳಿದ್ನಲ್ಲೋ," ಎಂದಳು.

"ನಿಲ್ಸಿ, ನಿಲ್ಸಿ!" ಎಂದು ರೀಮ್ಮಾ ಮುಂದೆ ಬಂದಳು. "ಇದು ತಪ್ಪು. ತಿಮೊಫೇಯ್ ಹಾನ್ಸಾನ್. ಇಡೀ ಉಷ್ಟೊಬೆಗೆ ಗೊತ್ತಿರೋ ಕತೆ. ಅಲ್ವೇನೇ ಫೈನಾ?" ದುಭಾಷಿ ಅದನ್ನು ಹ್ವಾಂಗ್‌ಬೋಗೆ ಹೇಳಿದ. ಅವಳು ಕಾಗದ ನೋಡಿ, ಆರ್ಕಾದಿಯನ್ನು ನೋಡಿ, ನಗು ಇನ್ನೂ ಮುಖದ ಮೇಲಿರುವಾಗಲೇ, "ಇಲ್ಲೊಂದು ತಪ್ಪಾಗಿದೆಯಾ?" ಎಂದಳು. ಎಲ್ಲರೂ ಅವನ ಕಡೆ ತಿರುಗಿದರು. ಛಾಯಾಗ್ರಾಹಕನೂ ತಿರುಗಿದ. ಹೌದು, ತಪ್ಪು, ಇದೊಂದೇ ಅಲ್ಲ, ಎಲ್ಲವೂ. ಅಷ್ಟು ಹೇಳಿದರೆ ಸಾಕಿತ್ತು, ಮಾತು ನಾಲಿಗೆಯ ಮೇಲೆ ಬಂದು ಕುಳಿತಿತ್ತು. ಅವನು ಬಾಯಿ ತೆರೆದ. ಪ್ಯಾಂಟಿನ ಮೇಲೆ ಇನ್ನೂ ಆರದ ಅಂಗೈ ಗುರುತು ಕಣ್ಣಿಗೆ ಬಿತ್ತು, ಬಾಯಿ ಮುಚ್ಚಿಕೊಂಡ. ಫೈನಕ್ಕ ಈಗ ತಿರುಗಿ ಅವನನ್ನು ನೋಡಿದಳು. ಬೈಯುವ ನೋಟವಲ್ಲ ಅದು. ಚಿಕ್ಕ ಹುಡುಗ ನಾಲ್ಕು ಜನರ ಮುಂದೆ ಚಡ್ಡಿ ಒದ್ದೆ ಮಾಡಿಕೊಂಡಾಗ ಅಕ್ಕಂದಿರು ನೋಡುವ ನೋಟ. ಆಮೇಲೆ ಅವನ ತೋಳು ಬಿಟ್ಟು ನೆಟ್ಟಗೆ ನಿಂತಳು.

"ತಪ್ಪೇನಿಲ್ಲ," ಎಂದಳು. "ನನ್ನ ತಮ್ಮ ಬರೆದಿರೋದು ಸರಿಯಾಗೇ ಇದೆ. ಕ್ಯೊಂಜುನೇ. ಆವಾಗ ನಾವೇ ಸುಳ್ಳು ಹೇಳಿದ್ವಿ. ಆ ಮುದುಕನಿಗೆ ತಿಮೊಫೇಯ್ ಎರಡು ಬಾಟ್ಲಿ ಕುಡಿಸಿ ಹೇಳಿಸಿದ್ದ."

"ಅಂದ್ರೆ," ಎಂದಳು ರೀಮ್ಮಾ, "ಅಂದ್ರೆ ನೀನು ಗೊತ್ತಿದ್ದೂ ಗೊತ್ತಿದ್ದೂ ನಿನ್ನ ಕುಲದೋನನ್ನೇ..."

"ಹೂಂ. ಗೊತ್ತಿದ್ದೂ."

ರೀಮ್ಮಾ ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನಿಂದ ಯಾರೋ, "ಅದಕ್ಕೇ ಮತ್ತೆ, ಆ ಕೂಸು," ಎಂದರು. ಮತ್ತೊಬ್ಬರು ಶ್ ಎಂದರು. ಹಾಗೆಂದದ್ದು ಫೈನಕ್ಕನಿಗೆ ಕೇಳಿಸಿತು. ಕೇಳಿಸಿದ್ದನ್ನು ಆರ್ಕಾದಿ ನೋಡಿದ. ದುಭಾಷಿ ಎಲ್ಲವನ್ನೂ ತಗ್ಗಿದ ದನಿಯಲ್ಲಿ ತಿರುಗಿಸಿ ಹೇಳುತ್ತಿದ್ದ ಹಾಗೆ ಹ್ವಾಂಗ್‌ಬೋಳ ಕಣ್ಣುಗಳು ತುಂಬಿಕೊಂಡವು. ಅವಳು ಬಂದು ಫೈನಕ್ಕನ ಎರಡೂ ಕೈ ಹಿಡಿದು, ಪ್ರೀತಿಗಾಗಿ ಇಷ್ಟು ವರ್ಷ ಗುಟ್ಟು ಕಾಪಾಡಿದ ತಾಯಿ ಎಂದೇನೋ ಹೇಳಿದಳು. ಆಲ್ಮಾಟಿಯವರು, ಸಿಯೋಲ್‌ನವರು, ಮೂಲಗೀಲ ಏನೂ ತಿಳಿಯದವರು, ಎಲ್ಲ ಸೇರಿ ಚಪ್ಪಾಳೆ ತಟ್ಟಿದರು. ಉಷ್ಟೊಬೆಯ ಹೆಂಗಸರು ತಟ್ಟಲಿಲ್ಲ. ಯಾರೋ ತನ್ನ ಪಕ್ಕದಲ್ಲೇ ತುಂಬ ಜೋರಾಗಿ ತಟ್ಟುತ್ತಿದ್ದಾರಲ್ಲ ಎಂದು ಆರ್ಕಾದಿ ನೋಡಿದರೆ, ಅವು ತನ್ನವೇ ಕೈಗಳಾಗಿದ್ದವು. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು, ಆದರೂ ಕೈ ನಿಂತದ್ದು ಎಲ್ಲರ ಕೈ ನಿಂತ ಮೇಲೆಯೇ.

ಆಮೇಲೆ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಏನೇನೋ ಕೊಟ್ಟರು, ಅವನ ಕೈ ಕುಲುಕಿದರು, ಮುಂದಿನ ವರ್ಷ ಬರ್ಲಿನ್‌ಗೂ ಈ ಕಾಗದ ಹೋಗುತ್ತದೆ ಎಂದರು. ಅವನು ತಲೆ ಆಡಿಸಿದ. ಫೈನಕ್ಕ ಕಿಟಕಿಯ ಬಳಿಯ ಬೆಂಚಿನಲ್ಲಿ ಕುಳಿತು ಬರಿಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಸುತ್ತ ಎರಡು ಮಾರು ಜಾಗ ಖಾಲಿ ಬಿದ್ದಿತ್ತು. ಹೋಗಬೇಕು, ಈಗ ಹೋಗಬೇಕು, ಈ ಒಬ್ಬರ ಕೈ ಕುಲುಕಿದ ಕೂಡಲೇ ಹೋಗಬೇಕು ಎಂದುಕೊಳ್ಳುತ್ತಲೇ ಅವನು ಒಬ್ಬರಾದ ಮೇಲೊಬ್ಬರ ಕೈ ಕುಲುಕುತ್ತಿದ್ದ.

ನಾಲ್ಕು ಗಂಟೆಗೆ ವ್ಯಾನು ಹೊರಡುವುದಿತ್ತು. ಹೆಂಗಸರು ಆಗಲೇ ಹತ್ತಿ ಕುಳಿತಿದ್ದರು. ಬರುವಾಗ ಫೈನಕ್ಕನ ಪಕ್ಕದಲ್ಲಿ ಕುಳಿತಿದ್ದ ರೀಮ್ಮಾ ಮುಂದಿನ ಸೀಟಿಗೆ ಹೋಗಿ ಇಬ್ಬರ ನಡುವೆ ಇರುಕಿಕೊಂಡಿದ್ದಳು. ಫೈನಕ್ಕ ಕಟ್ಟಕಡೆಯ ಸಾಲಿನಲ್ಲಿ ಒಬ್ಬಳೇ ಇದ್ದಳು, ಪಕ್ಕದ ಜಾಗದಲ್ಲಿ ಅವಳ ಕೈಚೀಲ. ಆರ್ಕಾದಿ ಬಾಗಿಲಲ್ಲಿ ಬಗ್ಗಿ ಒಳಗೆ ಇಣುಕಿದಾಗ ಅವಳ ಕಣ್ಣು ಅವನನ್ನೇ ಕಾಯುತ್ತಿತ್ತು. ಅವಳು ಕೈಚೀಲವನ್ನು ಎತ್ತಿ ಮಡಿಲಿಗೆ ತೆಗೆದುಕೊಂಡಳು. ಉಳಿದ ಹತ್ತು ಹೆಂಗಸರ ಮುಖ, ಒಂದೊಂದಾಗಿ, ಅವನ ಕಡೆ ತಿರುಗಿತು.

"ಹಿಂದೆ ಕೂತ್ರೆ ನಂಗೆ ತಲೆ ಸುತ್ತತ್ತೆ ಅಕ್ಕಾ," ಎಂದ ಆರ್ಕಾದಿ, ಮತ್ತು ಮುಂದೆ ಹೋಗಿ ಚಾಲಕನ ಪಕ್ಕದಲ್ಲಿ ಕುಳಿತ. ವ್ಯಾನು ಹೊರಟಿತು. ಆಲ್ಮಾಟಿಯ ಕೊನೆಯ ದೀಪದ ಕಂಬ ದಾಟಿದ ಮೇಲೆ ತಲೆಯ ಮೇಲಿನ ಕನ್ನಡಿಯಲ್ಲಿ ಅವನು ಒಮ್ಮೆ ನೋಡಿದ. ಅವಳು ಕೈಚೀಲವನ್ನು ಪಕ್ಕದ ಜಾಗಕ್ಕೆ ಇಟ್ಟಿರಲಿಲ್ಲ.